ಜುಂಜಣ್ಣನ ಸಿನಿಮಾದಲ್ಲಿ ಯಾರೂ ಸಾಯುತ್ತಿರಲಿಲ್ಲ

ಹಿರೇಗುಂಟನೂರಿನ ಜುಂಜಣ್ಣನಿಗೆ ಕುರಿ ಮೇಯಿಸುವುದು ಕಸುಬಾದರೆ ಸಿನಿಮಾ ಹೇಳುವುದು ಹುಚ್ಚು. ಸಿನಿಮಾ ನೋಡುವ ಹುಚ್ಚಿನವರು ಯಾವ ಊರಿಗೆ ಹೋದರೂ ಸಿಗುತ್ತಾರೆ. ಹೇಳುವ ಹುಚ್ಚು ಹಾಗಲ್ಲ. ನೋಡುವವನ ಕೆಲಸ ಟಾಕೀಸಿನ ದೀಪ ಹತ್ತಿದ ಕೂಡಲೇ ಮುಗಿಯುತ್ತದೆ, ಹೇಳುವವನದು ಅಲ್ಲಿಂದ ಶುರುವಾಗುತ್ತದೆ. ಐವತ್ತು ದಾಟಿದ, ಒಣಕಲು ಮೈಯ, ಹೆಗಲ ಮೇಲೆ ಸದಾ ಕಂಬಳಿ ಇರುವ ಈ ಮನುಷ್ಯ ಆಟ ಬಿಟ್ಟ ಮೇಲೆ ತುಂಬಿದ ಕೊಡ ಹೊತ್ತವರ ಹಾಗೆ ನಿಧಾನವಾಗಿ ಮೆಟ್ಟಿಲಿಳಿಯುತ್ತಿದ್ದ. ಯಾರಾದರೂ ಮಾತಾಡಿಸಿದರೆ ಸಿಡುಕುತ್ತಿದ್ದ. ಎಲ್ಲಿ ಒಂದು ಸೀನು ಚೆಲ್ಲಿಹೋಗುತ್ತದೋ ಎಂಬ ಭಯ ಅವನಿಗೆ.

ದೀಪಾವಳಿ ಕಳೆದು ಊರ ಸುತ್ತಿನ ಹುಲ್ಲು ಒಣಗುತ್ತ ಬಂದಾಗ ಅವನೂ ಇನ್ನೂ ಮೂವರೂ ತಮ್ಮ ಕುರಿಗಳನ್ನು ಒಟ್ಟುಗೂಡಿಸಿಕೊಂಡು ಊರು ಬಿಡುತ್ತಾರೆ. ಚಿಕ್ಕಜಾಜೂರಿನ ಹತ್ತಿರ ರೈಲು ಹಳಿ ದಾಟಿಸಿ, ಹೊರಕೆರೆದೇವಪುರದ ಕಡೆಯಿಂದ ಹಾದು, ಹೊಸದುರ್ಗದ ಸುತ್ತಮುತ್ತ ಹೊಲದಿಂದ ಹೊಲಕ್ಕೆ ಹೋಗುತ್ತ ಮೊದಲ ಮಳೆಯವರೆಗೆ ಅಲ್ಲೇ. ರಾತ್ರಿ ಯಾರ ಹೊಲದಲ್ಲಿ ಮಂದೆ ನಿಲ್ಲುತ್ತದೋ ಆ ಹೊಲಕ್ಕೆ ಗೊಬ್ಬರ, ಹೊಲದವರಿಂದ ಇವರಿಗೆ ರಾಗಿಯೋ ಜೋಳವೋ. ಜುಂಜಣ್ಣನ ಜೊತೆಗಿದ್ದವರಲ್ಲಿ ಚಿಕ್ಕತಿಮ್ಮಪ್ಪ ಎಲ್ಲರಿಗಿಂತ ಹಿರಿಯ, ರಂಗೇಶ್ ಎಲ್ಲರಿಗಿಂತ ಕಿರಿಯ, ಅಂದರೂ ಎರಡು ಮಕ್ಕಳ ತಂದೆ. ನಾಲ್ಕನೆಯವನು ಬಾಲರಾಜು. ಜುಂಜಣ್ಣನ ಹೆಂಡತಿ ಗಂಗಕ್ಕನ ಒಡಹುಟ್ಟಿದ ತಮ್ಮ.

ವಾರಕ್ಕೊಮ್ಮೆ ಒಬ್ಬರು ಪೇಟೆಗೆ ಹೋಗಿ ಅಕ್ಕಿ, ಬೇಳೆ, ಕುರಿಗಳ ಔಷಧಿ ತರಬೇಕು. ಹಾಗೆ ಹೋದವರು ಒಂದು ಸಿನಿಮಾ ನೋಡಿಕೊಂಡು ಬರಬಹುದು. ಆದರೆ ಬಂದು ಉಳಿದವರಿಗೆ ಅದನ್ನು ಮೊದಲಿಂದ ಕೊನೆಯವರೆಗೆ ಹೇಳಲೇಬೇಕು. ಇದು ಅವರ ಅಪ್ಪಂದಿರು ಮಾಡಿಟ್ಟ ಕಟ್ಟಳೆ. ಮಂದೆ ಬಿಟ್ಟು ನಾಲ್ವರೂ ಟಾಕೀಸಿಗೆ ಹೋಗಲಾಗುತ್ತದೆಯೇ? ಮೊದಲು ಸರದಿಯ ಮೇಲೆ ಹೋಗುತ್ತಿದ್ದರು. ರಂಗೇಶ್ ಹೋಗಿ ಬಂದರೆ ಬರೀ ಹೊಡೆದಾಟ ಹೇಳುತ್ತಿದ್ದ; ಯಾರು ಯಾಕೆ ಹೊಡೆದರು ಎಂದು ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು. ಚಿಕ್ಕತಿಮ್ಮಪ್ಪನಂತೂ ಫ್ಯಾನಿನ ಗಾಳಿ ಬಿದ್ದ ಕೂಡಲೇ ನಿದ್ದೆ ಹೋಗಿ ಇಂಟರ್‌ವಲ್ಲಿನಲ್ಲಿ ಎದ್ದು, ಮುಗಿಯಿತೆಂದು ಹೊರಟು ಬಂದವನು. ಕೊನೆಗೆ ಎಲ್ಲರೂ ಸೇರಿ ಜುಂಜಣ್ಣನನ್ನೇ ಕಳಿಸತೊಡಗಿದರು. ರಂಗೇಶನ ಹತ್ತಿರ ಟಚ್ ಫೋನು ಇತ್ತು, ನಿಜ. ಆದರೆ ಸೋಲಾರ್ ದೀಪದಲ್ಲಿ ಚಾರ್ಜು ಮಾಡಿದ ಫೋನು ಮನೆಗೆ ಮಾತಾಡಲಿಕ್ಕೇ ಸಾಲದು. ಮೇಲಾಗಿ ಜುಂಜಣ್ಣನ ಬಾಯಲ್ಲಿ ಕೇಳಿದ ಮೇಲೆ ಅಂಗೈಯಷ್ಟು ಪರದೆಯಲ್ಲಿ ನೋಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಹೇಳುವುದು ಮಧ್ಯಾಹ್ನ. ಬಿಸಿಲು ನೆತ್ತಿಗೇರಿದಾಗ ಕುರಿಗಳು ಮೇಯುವುದು ಬಿಟ್ಟು ಒಂದರ ಹೊಟ್ಟೆಯಡಿ ಒಂದು ತಲೆ ತೂರಿಸಿ ನಿಂತುಬಿಡುತ್ತವೆ. ಆಗ ಯಾವುದಾದರೂ ಹುಣಸೆಮರದ ಕೆಳಗೆ ಕಂಬಳಿ ಹಾಸಿ ಜುಂಜಣ್ಣ ಶುರುಮಾಡುತ್ತಿದ್ದ. ಹೀರೋಯಿನ್ನು ಯಾವ ಬಣ್ಣದ ಸೀರೆ ಉಟ್ಟಿದ್ದಳು, ವಿಲನ್ನು ಊಟಕ್ಕೆ ಏನು ತಿಂದ, ಮಳೆ ಬಂದಾಗ ನಾಯಿ ಎಲ್ಲಿ ಹೋಗಿ ನಿಂತಿತು, ಒಂದನ್ನೂ ಬಿಡುತ್ತಿರಲಿಲ್ಲ. ಕಥೆ ಅಂದಮೇಲೆ ಹ್ಞೂಂಗುಟ್ಟುವವನು ಒಬ್ಬ ಬೇಕು. ಎಲ್ಲರೂ ಅನ್ನುವ ಹಾಗಿಲ್ಲ, ಒಬ್ಬನೇ. ಅವನ ಹ್ಞೂಂ ನಿಂತರೆ ಕಥೆಯೂ ನಿಲ್ಲಬೇಕು, ಅದೂ ಹಿಂದಿನಿಂದ ಬಂದದ್ದೇ. ಜುಂಜಣ್ಣನಿಗೆ ಹ್ಞೂಂ ಅನ್ನುವವನು ಬಾಲರಾಜು. ಮಾತು ಕಡಿಮೆಯ ಮನುಷ್ಯ, ಆದರೆ ಅವನ ಹ್ಞೂಂನಲ್ಲಿ ನಗು, ಸಿಟ್ಟು, ಅನುಮಾನ ಎಲ್ಲ ಇರುತ್ತಿತ್ತು. ಆಮೇಲೆ ವಾರವಿಡೀ ಅದೇ ಮಾತು. ಸಿನಿಮಾದ ಅಣ್ಣ ತಮ್ಮನಿಗೆ ಮನೆ ಬಿಟ್ಟುಕೊಟ್ಟದ್ದು ತಪ್ಪೋ ಸರಿಯೋ, ಹಾಡು ಅಲ್ಲಿ ಬೇಕಿತ್ತೋ ಬೇಡವೋ. ಕಣ್ಣಿಂದ ನೋಡದ ಸಿನಿಮಾಕ್ಕಾಗಿ ರಂಗೇಶ್ ಮತ್ತು ಚಿಕ್ಕತಿಮ್ಮಪ್ಪ ಎರಡು ದಿನ ಮಾತು ಬಿಟ್ಟದ್ದೂ ಉಂಟು.

ಎರಡು ವರ್ಷದ ಹಿಂದೆ ಬಾಲರಾಜುವಿನ ಮಗಳು ಸ್ವಾತಿ ಜ್ವರ ಬಂದು ತೀರಿಕೊಂಡಳು. ಎರಡನೇ ಕ್ಲಾಸಿನ ಮಗು. ಆಗ ಇವರ ಮಂದೆ ಹೊಸದುರ್ಗದ ಆಚೆ, ಫೋನಿಗೆ ಸಿಗ್ನಲ್ಲು ಬಾರದ ಗುಡ್ಡದ ಕಡೆ ಇತ್ತು. ಊರಿಗೆ ಹೋಗಿದ್ದ ರಂಗೇಶ್ ಬೈಕಿನಲ್ಲಿ ಹುಡುಕಿಕೊಂಡು ಬಂದು ಸುದ್ದಿ ಮುಟ್ಟಿಸುವ ಹೊತ್ತಿಗೆ ಒಂದು ಹಗಲು ಕಳೆದುಹೋಗಿತ್ತು. ಊರಲ್ಲಿ ಹಿರಿಯರು ಕಾದರು, ಕಾದರು, ಮಗುವಿನ ಮೈ, ಇನ್ನು ಕಾಯುವಂತಿಲ್ಲ ಎಂದು ಸಂಜೆ ಮಣ್ಣು ಮಾಡಿಸಿಬಿಟ್ಟರು. ಜುಂಜಣ್ಣನೂ ಬಾಲರಾಜುವೂ ಮರುದಿನ ಬೆಳಿಗ್ಗೆ ಬಸ್ಸಿಳಿದು ನೇರ ಮಣ್ಣು ಮಾಡಿದ ಜಾಗಕ್ಕೇ ಹೋದರು. ಗುಡ್ಡೆಯ ಮಣ್ಣು ಇನ್ನೂ ಹಸಿಯಾಗಿತ್ತು. ಬಾಲರಾಜು ಕೂತು ಅದನ್ನು ಒಂದು ಸಲ ಮುಟ್ಟಿ ನೋಡಿದ, ಕೈಗೆ ಹತ್ತಿದ್ದನ್ನು ಪಂಚೆಗೆ ಒರೆಸಿಕೊಂಡು ಎದ್ದ. ಅಳಲಿಲ್ಲ. ಹೆಂಡತಿ ಲತಾ ಎದೆ ಬಡಿದುಕೊಂಡು ಅಳುವಾಗಲೂ ಗೋಡೆಗೆ ಒರಗಿ ನಿಂತೇ ಇದ್ದ. ಕಾರ್ಯ ಮುಗಿದ ಮೇಲೆ ಮಂದೆಗೆ ವಾಪಸು ಬಂದ. ಅಂದಿನಿಂದ ಮಗಳ ಹೆಸರು ಅವನ ಬಾಯಲ್ಲಿ ಬರಲಿಲ್ಲ, ಅವನೆದುರು ಎತ್ತಲು ಉಳಿದವರಿಗೂ ಧೈರ್ಯ ಬರಲಿಲ್ಲ.

ಅದಾದ ಮೇಲೆ ಜುಂಜಣ್ಣ ನೋಡಿ ಬಂದ ಮೊದಲ ಸಿನಿಮಾದಲ್ಲಿ ಒಬ್ಬ ಹುಡುಗ ಬಾವಿಗೆ ಬಿದ್ದು ಸಾಯುತ್ತಾನೆ. ಜುಂಜಣ್ಣ ಏನೂ ಯೋಚಿಸದೆ ಹೇಳುತ್ತ ಹೋದ. ಹುಡುಗ ಬಾವಿ ಕಟ್ಟೆ ಹತ್ತಿದ, ಬಗ್ಗಿ ನೋಡಿದ, ಕಾಲು ಜಾರಿತು. ಬಾಲರಾಜುವಿನ ಹ್ಞೂಂ ನಿಂತಿತು. ಜುಂಜಣ್ಣ ತಲೆಯೆತ್ತಿದ. ಬಾಲರಾಜು ನೆಲ ನೋಡುತ್ತ ಕೂತಿದ್ದ, ಕೈ ಹುಲ್ಲನ್ನು ಬಿಗಿಯಾಗಿ ಹಿಡಿದಿತ್ತು. ಜುಂಜಣ್ಣನ ನಾಲಿಗೆ ತಾನಾಗಿಯೇ ಹೊರಳಿತು.

"ಅಷ್ಟೊತ್ಗೆ ನೋಡ್ರಪ್ಪ, ಆ ಕಡೆ ಹೊಲದಾಗೆ ನೀರು ಕಟ್ತಿದ್ದ ಒಬ್ಬ ಓಡಿಬಂದ. ಹಿಂದೆ ಮುಂದೆ ನೋಡ್ದೆ ದುಡುಂ ಅಂತ ಹಾರೇಬಿಟ್ಟ!"

ಹಿಡಿದಿದ್ದ ಹುಲ್ಲು ಬಿಟ್ಟು ಬಾಲರಾಜು "ಹ್ಞೂಂ" ಅಂದ. ಹುಡುಗ ಬದುಕಿದ.

ಅಲ್ಲಿಂದ ಮುಂದೆ ಜುಂಜಣ್ಣನ ಸಿನಿಮಾಗಳಲ್ಲಿ ಒಳ್ಳೆಯವರು ಸಾಯುವುದು ನಿಂತೇಹೋಯಿತು. ಮೊದಲು ಮಕ್ಕಳನ್ನು ಉಳಿಸಿದ, ಆಮೇಲೆ ಸುಮ್ಮನಿರಲಾರದೆ ಮುದುಕಿಯರನ್ನೂ ಉಳಿಸಿದ. ಗುಂಡು ಭುಜಕ್ಕೆ ಬೀಳುತ್ತಿತ್ತು, ಬಸ್ಸು ಬ್ರೇಕು ಹಾಕುತ್ತಿತ್ತು, ಡಾಕ್ಟರು ಸಮಯಕ್ಕೆ ಬರುತ್ತಿದ್ದರು. ಎರಡು ವರ್ಷ ಆ ಹುಣಸೆಮರಗಳ ಕೆಳಗೆ ವಿಲನ್ನುಗಳನ್ನು ಬಿಟ್ಟು ಬೇರೆ ಯಾರಿಗೂ ಸಾವು ಬರಲಿಲ್ಲ. ಪೇಟೆಯ ಟಾಕೀಸಿನಲ್ಲಿ ಮಾತ್ರ ಜುಂಜಣ್ಣ ಒಬ್ಬನೇ ಕೂತು ಎಲ್ಲ ಸಾವುಗಳನ್ನೂ ನೋಡಬೇಕಾಗಿತ್ತು. ಪಕ್ಕದವರು ಕಣ್ಣೊರೆಸಿಕೊಳ್ಳುವಾಗ ಇವನು ಈ ಜೀವವನ್ನು ಹೇಗಪ್ಪಾ ಉಳಿಸುವುದು ಎಂದು ಲೆಕ್ಕ ಹಾಕುತ್ತಿದ್ದ. ಸಿನಿಮಾ ನೋಡುವ ಸುಖವೇ ಅವನಿಗೆ ಹೋಯಿತು. ಆದರೂ ಬಾಲರಾಜುವಿನ ಆ ಒಂದು ಹ್ಞೂಂ ಕೇಳಿದಾಗ ಹೋದದ್ದೆಲ್ಲ ವಾಪಸು ಬಂದಂತೆ ಅನಿಸುತ್ತಿತ್ತು.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಹೊಸದುರ್ಗದ ಟಾಕೀಸಿಗೆ ಬಂದ ಸಿನಿಮಾ ಒಬ್ಬ ಲಾರಿ ಡ್ರೈವರನದು. ಅವನಿಗೆ ಚಿನ್ನಿ ಎಂಬ ಪುಟ್ಟ ಮಗಳು. ಇಂಟರ್‌ವಲ್ಲಿನ ಹೊತ್ತಿಗೆ ಮಗುವಿಗೆ ಜ್ವರ ಬಂದಾಗಲೇ ಜುಂಜಣ್ಣ ಎದ್ದು ಹೋಗಿಬಿಡೋಣವೆಂದು ಒಮ್ಮೆ ಬಾಗಿಲವರೆಗೂ ಹೋಗಿ, ಅರ್ಧ ನೋಡಿದ ಸಿನಿಮಾ ಹೇಳುವುದು ಹೇಗೆ ಎಂದು ತಿರುಗಿ ಬಂದು ಕೂತ. ಅಪ್ಪನ ಲಾರಿ ದೂರದ ಘಾಟಿನಲ್ಲಿ ಸಿಕ್ಕಿಬಿದ್ದಿದೆ. ಅವನು ಬಂದು ತಲುಪುವಾಗ ಮಗುವನ್ನು ಮಣ್ಣು ಮಾಡಿ ಜನ ತಿರುಗಿ ಬರುತ್ತಿರುತ್ತಾರೆ. ಇದನ್ನು ಹೇಗೆ ಹೇಳುವುದು? ಆ ವಾರ ಹೊಸ ಸಿನಿಮಾ ಬಂದೇ ಇರಲಿಲ್ಲ ಎನ್ನಬಹುದಿತ್ತು. ಬುದ್ಧಿ ಇದ್ದವನಾದರೆ ಹಾಗೇ ಅನ್ನುತ್ತಿದ್ದ. ಆದರೆ ಜುಂಜಣ್ಣನಿಗೆ ಎರಡು ವರ್ಷದ ರೂಢಿ ಧೈರ್ಯ ಕೊಟ್ಟುಬಿಟ್ಟಿತ್ತು. ಬಸ್ಸಿನಲ್ಲಿ ಬರುತ್ತ ಬರುತ್ತ ಆ ಲಾರಿಗೆ ದಾರಿ ಬಿಡಿಸಿದ.

ಮರುದಿನ ಮಧ್ಯಾಹ್ನ ಅವನು ಹೇಳಿದ ಹಾಗೆ ಹಿಂದೆಂದೂ ಹೇಳಿರಲಿಲ್ಲ.

"ಲಾರಿ ಬಂತು. ಮನೆ ಮುಂದೆ ಜನವೋ ಜನ. ಡ್ರೈವರು ಎಲ್ಲಾರ್ನೂ ತಳ್ಕಂಡು ಒಳಾಕ್ ಹೋದ. ಮಗೀನ ಹಣೆ ಮೇಲೆ ಕೈ ಇಟ್ಟ. ತಣ್ಣಗೈತೆ."

"ಹ್ಞೂಂ." ಬಾಲರಾಜುವಿನ ದನಿ ಹಗ್ಗದ ಹಾಗೆ ಬಿಗಿದಿತ್ತು.

"ಜ್ವರ ಬಿಟ್ಟು ತಣ್ಣಗಾಗೈತೆ ಕಣ್ರಪ್ಪ! ಮಗು ಕಣ್ ಬಿಡ್ತು. ಅಪ್ಪನ್ನ ನೋಡ್ತು. ಏನ್ ತಂದೀಯಪ್ಪ ಅಂತು. ಅವನು ಜೇಬಿಗೆ ಕೈ ಹಾಕಿ ಕಡ್ಲೆಮಿಠಾಯಿ ತೆಗೆದ."

ಚಿಕ್ಕತಿಮ್ಮಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ರಂಗೇಶ್ ಎದ್ದು ಹೋಗಿ ಕುರಿ ನೋಡುವ ನೆವ ಮಾಡಿದ. ಬಾಲರಾಜು, "ಈ ಸಿನಿಮಾ ತೆಗೆದೋನು ಪುಣ್ಯಾತ್ಮ ಭಾವ," ಅಂದ. ಆ ವಾರವಿಡೀ ಅವನು ಮಾತಾಡಿದ. ಬೇಲಿ ಕಟ್ಟುವಾಗ, ಮರಿಗಳಿಗೆ ಸೊಪ್ಪು ಕಡಿಯುವಾಗ ಅದೇ ಮಾತು. ಲಾರಿ ಇನ್ನೂ ಬೇಗ ಬರಬೇಕಿತ್ತು ಎಂದು ರಂಗೇಶ್ ಅಂದರೆ, "ಬಂತಲ್ಲ, ಸಾಕು ಬಿಡು," ಎಂದು ಇವನು ಲಾರಿಯ ಪರ ವಾದಿಸುತ್ತಿದ್ದ. ಜುಂಜಣ್ಣನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚಾಯಿತು. ಬದುಕಿಸಬಾರದ ಕಡೆ ಬದುಕಿಸಿಬಿಟ್ಟೆನೋ ಎಂದು ಮೊದಲ ಸಲ ಅನ್ನಿಸಿತು.

ಮುಂದಿನ ವಾರ ಎರಡು ಟಗರು ಕುಂಟತೊಡಗಿ, ಅವುಗಳನ್ನು ಹೊಸದುರ್ಗದ ದನದ ಆಸ್ಪತ್ರೆಗೆ ಕರೆದೊಯ್ಯಬೇಕಾಗಿ ಬಂದದ್ದರಿಂದ ಬಾಲರಾಜುವೂ ಜೊತೆಗೆ ಹೊರಟ. ಕೆಲಸ ಮುಗಿಸಿ, ಟಗರುಗಳನ್ನು ಮಂದೆಯ ಕಡೆ ಹೊರಟಿದ್ದ ಪರಿಚಯದ ಆಟೋದಲ್ಲಿ ಹತ್ತಿಸಿ ಕಳಿಸಿ, ಇಬ್ಬರೂ ಟಾಕೀಸಿನ ಎದುರಿನ ಟೀ ಹೋಟೆಲಿನಲ್ಲಿ ಕೂತರು. ಆಗಷ್ಟೇ ಆಟ ಬಿಟ್ಟಿತ್ತು. ಮೂವರು ಹುಡುಗರು ಬಂದು ಪಕ್ಕದ ಬೆಂಚಿನಲ್ಲಿ ಕೂತು ಟೀ ಹೇಳಿದರು. ಅವರದೂ ಅದೇ ಲಾರಿ ಸಿನಿಮಾದ ಮಾತು.

"ಫಸ್ಟ್ ಹಾಫ್ ಎಳೆದ್ಬಿಟ್ಟವ್ನೆ ಗುರು. ಆ ಢಾಬಾ ಸಾಂಗ್ ತೆಗೆದಿದ್ರೆ ಏನೂ ನಷ್ಟ ಇರ್ಲಿಲ್ಲ," ಅಂದ ಗಡ್ಡದವನು.

"ಏನಾದ್ರೂ ಹೇಳು, ಕ್ಲೈಮ್ಯಾಕ್ಸಲ್ಲಿ ಅಳ್ಸಿಬಿಟ್ಟ," ಅಂದ ಕನ್ನಡಕದ ಹುಡುಗ. ಅವನ ಕಣ್ಣು ಇನ್ನೂ ಕೆಂಪಗಿತ್ತು.

ಜುಂಜಣ್ಣ ಟೀ ಅರ್ಧಕ್ಕೇ ಬಿಟ್ಟು, "ನಡಿಯಪ್ಪ, ಬಸ್ಸಿಗೆ ಹೊತ್ತಾತು, ಹೋಗಾಣ," ಅಂದ. ಬಾಲರಾಜು ಏಳಲಿಲ್ಲ. ಗುರುತಿಲ್ಲದವರ ಜೊತೆ ಒಂದು ಮಾತೂ ಆಡದ ಅವನು ಅಂದು ಹುಡುಗರ ಕಡೆ ತಿರುಗಿ ಕೂತ.

"ಯಾಕ್ರಪ್ಪ ಅಳ್ತೀರ? ಕೊನಿಗೆ ಒಳ್ಳೇದೇ ಆಗ್ತತಲ್ಲ. ಮಗು ಕಣ್ ಬಿಟ್ಟು ಏನ್ ತಂದೀಯಪ್ಪ ಅಂತತೆ."

ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು.

"ಯಾವ ಸಿನಿಮಾ ಹೇಳ್ತಿದೀರಿ ಅಣ್ಣ?"

"ಇದೇ, ಲಾರಿದು. ಕಡ್ಲೆಮಿಠಾಯಿ ಕೊಡ್ತಾನಲ್ಲ."

ಗಡ್ಡದವನಿಗೆ ನಗು ಬಂತು. "ಎಲ್ಲಿ ಕಡ್ಲೆಮಿಠಾಯಿ? ನೀವು ಮಧ್ಯದಲ್ಲೇ ಎದ್ದು ಬಂದಿರ್ಬೇಕು. ಮಗು ಸತ್ತೋಗುತ್ತೆ ಅಣ್ಣ."

"ಇಲ್ಲಪ್ಪ. ಲಾರಿ ಬರ್ತತೆ."

"ಬರುತ್ತೆ. ಆದ್ರೆ ಅಷ್ಟೊತ್ತಿಗೆ ಮಣ್ಣು ಮಾಡಿರ್ತಾರೆ," ಎಂದ ಕನ್ನಡಕದವನು. ಅವನ ದನಿಯಲ್ಲಿ ಕುಚೋದ್ಯವೇನೂ ಇರಲಿಲ್ಲ.

ಬಾಲರಾಜು ಕೈಯಲ್ಲಿದ್ದ ಲೋಟ ಕೆಳಗಿಟ್ಟ. ನಿಧಾನವಾಗಿ ಜುಂಜಣ್ಣನ ಕಡೆ ತಿರುಗಿದ. "ನೀನ್ ಹೇಳು ಭಾವ. ನೀನು ನೋಡೀಯಲ್ಲ, ಇವರಿಗೆ ಹೇಳು."

ಇನ್ನೊಂದು ಸುಳ್ಳು ಹೇಳಿ ಹುಡುಗರ ಬಾಯಿ ಮುಚ್ಚಿಸಬಹುದಿತ್ತೇನೋ. ಮಾತಿಗೆ ಎಂದೂ ಬರವಿಲ್ಲದ ಜುಂಜಣ್ಣ ಬಾಲರಾಜುವಿನ ಕಣ್ಣನ್ನು ನೋಡಲಾರದೆ ಟೀ ಲೋಟ ನೋಡುತ್ತ, "ಹುಡುಗ್ರು ಹೇಳಿದ್ದೇ ಸರಿ," ಅಂದ.

ಬಾಲರಾಜು ಎದ್ದು ಹೋದ. ಬಸ್ಸಿಗೆ ಕಾಯಲಿಲ್ಲ, ನಡೆದೇ ಹೋದ. ಹುಡುಗರಿಗೆ ಏನಾಯಿತೆಂದು ಗೊತ್ತಾಗದೆ, "ಸಾರಿ ಅಣ್ಣ, ಸಸ್ಪೆನ್ಸ್ ಹೇಳ್ಬಿಟ್ವಾ?" ಎಂದು ಜುಂಜಣ್ಣನನ್ನು ಕೇಳಿದರು. ಅವನು ಟೀ ದುಡ್ಡು ಬೆಂಚಿನ ಮೇಲಿಟ್ಟು ಎದ್ದ.

ಮಂದೆಯಲ್ಲಿ ವಿಷಯ ತಿಳಿಯಲು ಹೊತ್ತು ಬೇಕಾಗಲಿಲ್ಲ. ಮರುದಿನ ಮಧ್ಯಾಹ್ನ ಬಾಲರಾಜು ಮರದ ಕೆಳಗೆ ಬರಲಿಲ್ಲ, ದೂರದ ಬದುವಿನ ಮೇಲೆ ಬಿಸಿಲಲ್ಲೇ ಬೆನ್ನು ಮಾಡಿ ಕೂತ. ರಂಗೇಶ್ ಜುಂಜಣ್ಣನ ಎದುರು ಬಂದು ಕುಕ್ಕರಗಾಲಲ್ಲಿ ಕೂತ. ಅವನಿಗೆ ಸಿಟ್ಟಿತ್ತು, ಸಿಟ್ಟಿಗಿಂತ ಹೆಚ್ಚಾಗಿ ಅನುಮಾನ.

"ಹಂಗಾರೆ ಆ ಬಾವಿಗೆ ಬಿದ್ದ ಹುಡುಗ?"

"ಸತ್ತ."

"ಸಿಪಾಯಿ? ಭುಜಕ್ಕೆ ಗುಂಡು ಬಿತ್ತು ಅಂದಿದ್ದಲ್ಲ ಮಾವ?"

"ಎದೆಗೆ ಬಿದ್ದಿದ್ದು."

"ಬಸ್ಸಿಗೆ ಅಡ್ಡ ಹೋದ ತಂಗಿ?"

ಜುಂಜಣ್ಣ ಬರೀ ತಲೆ ಆಡಿಸಿದ. ಚಿಕ್ಕತಿಮ್ಮಪ್ಪ ಇದನ್ನೆಲ್ಲ ಕೇಳುತ್ತಿದ್ದವನು ಮೆಲ್ಲಗೆ, "ಆ ಮುದುಕಿ? ಮಗನ್ನ ಹುಡುಕ್ಕಂಡು ಹೋದೋಳು? ಅವಳಾದ್ರೂ ಮಗನ್ನ ನೋಡಿದ್ಲಾ?" ಎಂದು ಕೇಳಿದ.

"ಇಲ್ಲ ಕಣಣ್ಣ. ದಾರೀಲೇ ಹೋದ್ಲು."

"ಅಯ್ಯೋ ಶಿವನೇ," ಅಂದ ಚಿಕ್ಕತಿಮ್ಮಪ್ಪ. ಆ ಮುದುಕಿ ಮಗನ ಮನೆಯಲ್ಲಿ ಮುದ್ದೆ ಉಂಡಳು ಎಂಬುದನ್ನು ಅವನು ತನ್ನ ಹೆಂಡತಿಗೆ, ಸೊಸೆಗೆ, ಬೀಗರಿಗೆಲ್ಲ ಹೇಳಿದ್ದ. ಒಂದೇ ಮಧ್ಯಾಹ್ನದಲ್ಲಿ ಎರಡು ವರ್ಷದ ಸಾವುಗಳೆಲ್ಲ ಆ ಮರದ ಕೆಳಗೆ ಬಂದು ಬಿದ್ದವು. ಯಾರಿಗೂ ಊಟ ಸೇರಲಿಲ್ಲ. ರಂಗೇಶ್ ಕೊನೆಗೆ, "ನಾವೇನು ಎಳೇ ಮಕ್ಳಾ ಮಾವ?" ಅಂದು ಎದ್ದು ಹೋದ.

ಸಂಜೆ ಜುಂಜಣ್ಣ ದಿಣ್ಣೆ ಹತ್ತಿ ಹೆಂಡತಿಗೆ ಫೋನು ಮಾಡಿದ. ನಡೆದದ್ದನ್ನು ಮುಚ್ಚುಮರೆ ಇಲ್ಲದೆ ಹೇಳಿ, "ಅವನ ಕಣ್ಣಾಗೆ ನೀರು ಬರಬಾರ್ದು ಅಂತ ಮಾಡ್ದೆ ಗಂಗಿ," ಅಂದ.

ಗಂಗಕ್ಕನ ದನಿ ಗಟ್ಟಿಯಾಯಿತು. "ಬರ್ಲಿಲ್ಲ ಬಿಡು. ನನ್ ತಮ್ಮನ ಕಣ್ಣಾಗೆ ಇವತ್ತಿಗೂ ಬಂದಿಲ್ಲ. ಇಲ್ಲಿ ಲತಾ ಒಬ್ಳೇ ಅತ್ತು ಅತ್ತು ಸಣ್ಣಗಾಗವಳೆ. ಊರಿಗೆ ಬಂದಾಗ ಮಗೀನ ಬಟ್ಟೆ ತೆಗೆದು ತೋರ್ಸಿದ್ರೆ ಎದ್ದು ಕುರಿ ತಾವ ಹೋಗ್ತಾನೆ. ಅವನ ಪಾಲಿನ ಊಟ ನೀನು ಉಂಡ್ರೆ ಅವನ ಹೊಟ್ಟೆ ತುಂಬ್ತತಾ?"

ಜುಂಜಣ್ಣನಿಗೆ ಆ ಮಾತು ನಾಟಿತು. ಎರಡು ವರ್ಷ ತಾನು ಕತ್ತಲಲ್ಲಿ ಕೂತು ಒಬ್ಬನೇ ನೋಡಿದ ಸಾವುಗಳೆಲ್ಲ ಬಾಲರಾಜುವಿಗೆ ಮಾಡಿದ ಉಪಕಾರ ಎಂದು ಅವನು ನಂಬಿಕೊಂಡಿದ್ದ. ಈಗ ನೋಡಿದರೆ, ಹ್ಞೂಂ ಅನ್ನುವವನೊಬ್ಬ ಕೈತಪ್ಪಿ ಹೋಗುತ್ತಾನೆ ಎಂಬ ಹೆದರಿಕೆಯೂ ಅದರಲ್ಲಿ ಸೇರಿತ್ತು. ಅದನ್ನು ಒಪ್ಪಿಕೊಳ್ಳಲು ಅವನಿಗೆ ನಾಚಿಕೆಯಾಯಿತು. ಬಾಲರಾಜು ಇನ್ನೆಂದಾದರೂ ತನ್ನ ಎದುರು ಬಂದು ಕೂರುತ್ತಾನೋ ಇಲ್ಲವೋ ಎಂಬುದೊಂದೇ ಈಗ ಅವನನ್ನು ಕೊರೆಯುತ್ತಿತ್ತು.

ಆ ವಾರ ಬಾಲರಾಜು ಅವನೊಂದಿಗೆ ಮಾತಾಡಲಿಲ್ಲ. ಕುರಿಯ ವಿಷಯವಿದ್ದರೂ ರಂಗೇಶನಿಗೆ ಹೇಳಿ ಹೇಳಿಸುತ್ತಿದ್ದ. ಪೇಟೆಗೆ ಹೋಗುವ ದಿನ ಜುಂಜಣ್ಣ ಚೀಲ ಮುಟ್ಟಲಿಲ್ಲ, ಮುಟ್ಟುವ ಮುಖ ಅವನಿಗಿರಲಿಲ್ಲ. ಬಾಲರಾಜುವೇ ಬಂದು ಚೀಲ ಎತ್ತಿಕೊಂಡ.

"ಈ ಸಲ ನಾನು ಹೋಗಿ ಬರ್ತೀನಿ," ಎಂದು ಯಾರಿಗೆಂದು ಅಲ್ಲದೆ ಹೇಳಿ ಹೊರಟುಹೋದ.

ಟಾಕೀಸಿನಲ್ಲಿ ಇನ್ನೂ ಅದೇ ಲಾರಿ ಸಿನಿಮಾ ಇತ್ತು. ಜುಂಜಣ್ಣನಿಗೆ ಅದು ಗೊತ್ತಿತ್ತು, ಉಳಿದವರಿಗೂ ಗೊತ್ತಿತ್ತು. ಆ ದಿನ ಅವನು ಕುರಿ ಮೇಯಿಸಿದನೋ ಕುರಿಗಳೇ ಅವನನ್ನು ಕರೆದುಕೊಂಡು ತಿರುಗಿದವೋ, ಎರಡು ಸಲ ಮರಿಗಳನ್ನು ಪಕ್ಕದವರ ಅಲಸಂದೆ ಹೊಲಕ್ಕೆ ಬಿಟ್ಟು ಬೈಸಿಕೊಂಡ. ಈಗ ಇಂಟರ್‌ವಲ್ಲು, ಈಗ ಜ್ವರ, ಈಗ ಲಾರಿ ಘಾಟಿನಲ್ಲಿ ಎಂದು ನೆರಳು ನೋಡಿ ಎಣಿಸುತ್ತಿದ್ದ. ತಾನೂ ಜೊತೆಗೆ ಹೋಗಬೇಕಿತ್ತು, ಪಕ್ಕದ ಸೀಟಿನಲ್ಲಿ ಸುಮ್ಮನೆ ಕೂರಬೇಕಿತ್ತು ಎನ್ನಿಸಿತು. ಸಂಜೆ ಬಸ್ಸಿನಿಂದ ಇಳಿದು ಬಂದ ಬಾಲರಾಜುವಿನ ಚೀಲದಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಉಪ್ಪು ಮರೆತಿದ್ದ. ಕಣ್ಣು ಕೆಂಪಾಗಿ ಊದಿತ್ತು. ಉಪ್ಪಿಲ್ಲದ ಸಾರಿನಲ್ಲೇ ಎಲ್ಲರೂ ಉಂಡರು.

ಮರುದಿನ ಬಿಸಿಲೇರಿತು. ಕುರಿಗಳು ತಲೆಗೆ ತಲೆ ಸೇರಿಸಿ ನಿಂತವು. ಬಾಲರಾಜು ಬದುವಿನ ಕಡೆ ಹೋಗಲಿಲ್ಲ. ಕಂಬಳಿ ತಂದು ಮರದ ಕೆಳಗೆ ಹಾಸಿ, ಜುಂಜಣ್ಣ ಯಾವಾಗಲೂ ಕೂರುವ ಜಾಗದಲ್ಲಿ ಕೂತ.

"ಬರ್ರಿ, ಕುಂತ್ಕಳ್ರಿ," ಅಂದ. "ಸಿನಿಮಾ ನೋಡಿದೋನು ಹೇಳ್ಬೇಕಲ್ಲ."

ಮೂವರೂ ಬಂದು ಕೂತರು. ಜುಂಜಣ್ಣ ಎಲ್ಲರಿಗಿಂತ ಹಿಂದೆ ಕೂತ. ಬಾಲರಾಜು ಅವನನ್ನು ನೋಡಿ, "ಮುಂದಕ್ ಬಾ ಭಾವ. ಹ್ಞೂಂ ಅನ್ನೋರು ಯಾರು ಮತ್ತೆ?" ಅಂದ. ಒಂದು ವಾರದ ಮೇಲೆ ಅವನು ಜುಂಜಣ್ಣನೊಂದಿಗೆ ಆಡಿದ ಮೊದಲ ಮಾತು. ಜುಂಜಣ್ಣ ಮಂಡಿ ಎಳೆದುಕೊಂಡು ಮುಂದೆ ಬಂದ.

ಬಾಲರಾಜುವಿಗೆ ಹೇಳಲು ಬರುತ್ತಿರಲಿಲ್ಲ. ಢಾಬಾದ ಹಾಡು ಬಿಟ್ಟ, ಡ್ರೈವರನ ಗೆಳೆಯನನ್ನು ಮರೆತು ಆಮೇಲೆ ನೆನಪಿಸಿಕೊಂಡು ತಂದು ಸೇರಿಸಿದ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಬೇರೆ ದಿನವಾಗಿದ್ದರೆ ರಂಗೇಶ್ ನಕ್ಕುಬಿಡುತ್ತಿದ್ದ. ಜುಂಜಣ್ಣ ಒಂದೊಂದು ಮಾತಿಗೂ ಹ್ಞೂಂ ಅನ್ನುತ್ತಿದ್ದ. ಎಷ್ಟೋ ವರ್ಷ ಕಥೆ ಹೇಳಿದ್ದನೇ ಹೊರತು ಹ್ಞೂಂ ಅನ್ನುವ ಕೆಲಸ ಅವನಿಗೆ ಹೊಸದು, ಇಷ್ಟು ಕಷ್ಟದ್ದೆಂದು ಗೊತ್ತಿರಲಿಲ್ಲ.

"ಲಾರಿ ಬಂತು," ಅಂದ ಬಾಲರಾಜು.

"ಹ್ಞೂಂ."

"ಜನ ಎದುರಿಗೆ ಬರ್ತಾವರೆ. ಒಬ್ರೂ ಅವನ ಮುಖ ನೋಡ್ತಿಲ್ಲ. ಮಣ್ಣು ಮಾಡಿ ಬರ್ತಾವರೆ."

ಜುಂಜಣ್ಣನ ಹ್ಞೂಂ ಹೊರಡಲಿಲ್ಲ. ಬಾಲರಾಜು ಕಾದ. ಹ್ಞೂಂ ಇಲ್ಲದೆ ಕಥೆ ಮುಂದೆ ಹೋಗುವ ಹಾಗಿಲ್ಲ. ಈಗಲೂ ನಿಲ್ಲಿಸಿಬಿಡಬಹುದು, ಇಲ್ಲಿಗೇ ಮುಗಿಯಲಿ ಎಂದು ಜುಂಜಣ್ಣನ ಒಳಗೆ ಹಳೆಯ ಅಭ್ಯಾಸ ಎಳೆಯುತ್ತಿತ್ತು.

"ಹ್ಞೂಂ ಅನ್ನು ಭಾವ," ಅಂದ ಬಾಲರಾಜು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಬೇಡಿಕೊಳ್ಳುವ ಹಾಗಿತ್ತು.

"ಹ್ಞೂಂ," ಅಂದ ಜುಂಜಣ್ಣ.

"ಗುಡ್ಡೆ ತಾವ ಹೋದ. ಕುಂತ. ಮಣ್ಣು ಮುಟ್ಟಿ ನೋಡ್ದ. ಇನ್ನಾ ಹಸೀನೇ ಇತ್ತು."

"ಹ್ಞೂಂ."

"ಕೈಗೆ ಹತ್ತಿತ್ತು. ಪಂಚೆಗೆ ಒರೆಸ್ಕಂಡ."

ಸಿನಿಮಾದ ಡ್ರೈವರು ಪಂಚೆ ಉಟ್ಟಿರಲಿಲ್ಲ. ಮೊದಲಿಂದ ಕೊನೆಯವರೆಗೂ ಖಾಕಿ ಪ್ಯಾಂಟಿನಲ್ಲೇ ಇದ್ದ, ಜುಂಜಣ್ಣ ನೋಡಿದ್ದನಲ್ಲ. ಆದರೂ ತಿದ್ದದೆ, "ಹ್ಞೂಂ" ಅಂದ.

"ಯಾಕ್ ಒರೆಸ್ಕಂಡ್ನೋ. ಒರೆಸ್ಕಬಾರ್ದಿತ್ತು. ಟಾಕೀಸ್ನಾಗೆ ಆ ಡ್ರೈವರು ಮಣ್ಣ ಮೇಲೆ ಬಿದ್ದು ಹೊರಳಾಡಿ ಕೂಗಿದ ಭಾವ. ಪಕ್ಕದ ಸೀಟ್ನೋನು ಯಾರೋ ಏನೋ, ನನ್ ಕೈ ಹಿಡ್ಕಂಡ. ಇಬ್ರೂ ಅತ್ವಿ. ನಾನು ಅವತ್ತು ಕೂಗ್ಲಿಲ್ಲ. ಒಂದ್ ಸಲಾನಾದ್ರೂ ಸ್ವಾತಿ ಅಂತ ಕೂಗ್ಬೇಕಿತ್ತು. ಕೂಗ್ಲಿಲ್ಲ ನೋಡು."

"ಹ್ಞೂಂ."

ಬಾಲರಾಜು ಮೊಣಕಾಲಿಗೆ ಹಣೆ ಹಚ್ಚಿದ. ಎರಡು ವರ್ಷ ಒಳಗೇ ಇದ್ದದ್ದು ಹೊರಗೆ ಬರತೊಡಗಿತು. ಅವಳಿಗೆ ಹಲ್ಲು ಬಿದ್ದಿದ್ದನ್ನು ಹೇಳಿದ, ಮರಿಗೆ ಹೆಸರಿಟ್ಟಿದ್ದನ್ನು ಹೇಳಿದ, ಹೊರಡುವ ದಿನ ಕಡ್ಲೆಮಿಠಾಯಿ ತಾರಪ್ಪ ಎಂದು ಅವಳು ಕೇಳಿದ್ದನ್ನು ಹೇಳಿದ. ಜುಂಜಣ್ಣನಿಗೆ ಅದು ಗೊತ್ತಿರಲಿಲ್ಲ. ಸುಮ್ಮನೆ ಬಾಯಿಗೆ ಬಂದದ್ದನ್ನು ಆ ಸಿನಿಮಾದ ಮಗುವಿನ ಕೈಗೆ ಕೊಟ್ಟಿದ್ದ. ಅವನ ಕಣ್ಣಲ್ಲೂ ನೀರು ಧಾರೆ ಕಟ್ಟಿತು. ಒರೆಸಿಕೊಳ್ಳಲಿಲ್ಲ.

ನೆರಳು ಉದ್ದವಾಗಿ ಕುರಿಗಳು ಒಂದೊಂದಾಗಿ ತಲೆಯೆತ್ತಿ ಮೇಯಲು ಹೊರಟವು. ಚಿಕ್ಕತಿಮ್ಮಪ್ಪ ಸದ್ದಿಲ್ಲದೆ ಎದ್ದು ಅವುಗಳ ಹಿಂದೆ ಹೋದ, ರಂಗೇಶನೂ ಹೋದ. ಮರದ ಕೆಳಗೆ ಬಾಲರಾಜು ಮಗಳ ವಿಷಯ ಹೇಳುತ್ತಲೇ ಇದ್ದ. ಅವನ ಮಾತು ಮುಗಿಯುವವರೆಗೂ ಜುಂಜಣ್ಣ ಎದುರು ಕೂತು ಹ್ಞೂಂ ಅನ್ನುತ್ತ ಹೋದ.